ಹಿಂಬಾಗಿಲ ಮುಂದಿನ ಮೂಟೆಗಳು

ಮೇಸ್ತ್ರಿಯಕ್ಕನ ಬಲ ಅಂಗೈಯಲ್ಲಿ ಒಂದೂ ರೇಖೆಯಿರಲಿಲ್ಲ. ಸುಟ್ಟು ಮಾಗಿದ ಚರ್ಮ ನುಣ್ಣಗೆ ಬಿಗಿದುಕೊಂಡಿತ್ತು, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಕಣಿ ಹೇಳುವವಳೊಬ್ಬಳು ಕೈ ತೋರಿಸು ಎಂದಾಗ ಅದನ್ನೇ ಚಾಚಿ, "ಓದವ್ವ, ಏನೈತೆ ನೋಡಾನ" ಎಂದು ನಮ್ಮನ್ನೆಲ್ಲ ನಗಿಸಿದ್ದಳು.

ಕುಶಾಲನಗರದ ಹೊರಗಿನ ಕಾಫಿ ಗೋದಾಮಿನಲ್ಲಿ ಬೀಜ ಆರಿಸುವ ಹೆಂಗಸರಿಗೆಲ್ಲ ಅವಳೇ ಮೇಸ್ತ್ರಿ. ಹಾಸನದ ಕಡೆಯಿಂದ ಬಂದು ನೆಲೆಸಿದ ಮನೆತನ. ನಾನು ಮದುವೆಯಾದ ಹೊಸದರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದೆ. ಕೆಟ್ಟುಹೋದ ಕಪ್ಪು ಬೀಜ ಗುರುತಿಸುವುದಕ್ಕಿಂತ ಮೊದಲು ಅವಳು ನನಗೆ ಕಲಿಸಿದ್ದು ಬೂದಿ ಚೆಲ್ಲುವುದನ್ನು.

ನಗಬೇಡಿ. ಡಿಸೆಂಬರ್ ಬಂತೆಂದರೆ ಗೋದಾಮಿನ ಸಿಮೆಂಟ್ ನೆಲದ ಮೇಲೆ ಕೂರುವುದೇ ಕಷ್ಟ. ಬೆರಳು ಮರಗಟ್ಟಿದರೆ ಬೀಜ ಆರಿಸುವುದು ಹೇಗೆ? ಅಂಗಳದಲ್ಲಿ ಹಳೇ ಡಬ್ಬಕ್ಕೆ ಕಾಫಿ ಹೊಟ್ಟು ತುಂಬಿ ಬೆಂಕಿ ಹಾಕಿ ಕೈ ಕಾಯಿಸಿಕೊಳ್ಳುತ್ತಿದ್ದೆವು. ಹೊಟ್ಟಿನ ಬೆಂಕಿ ಮಹಾ ಕಳ್ಳ. ಮೇಲೆ ತಣ್ಣಗಿನ ಬೂದಿ, ಒಳಗೆ ಮರುದಿನದವರೆಗೂ ಕೆಂಡ. ಆರಿತೆಂದು ನಂಬಿ ಹಿತ್ತಲಿನ ಹೊಟ್ಟಿನ ರಾಶಿಗೆ ಸುರಿದರೆ ಕಥೆ ಮುಗಿದಂತೆ. ಅಕ್ಕ ಡಬ್ಬಕ್ಕೆ ನೀರು ಹುಯ್ದು, ಕಲಕಿ, ಮತ್ತೆ ಹುಯ್ದು, ಕೊನೆಗೆ ಕೈ ಹಾಕಿ ನೋಡುತ್ತಿದ್ದಳು. ಹಾಕುತ್ತಿದ್ದುದು ಎಡಗೈ. ಬಲಗೈಗೆ ಬಿಸಿ ತಿಳಿಯುತ್ತಲೇ ಇರಲಿಲ್ಲ.

ಒಮ್ಮೆ ಲಾರಿ ಡ್ರೈವರೊಬ್ಬ ಗೋಣಿ ರಾಶಿಗೆ ಒರಗಿ ಬೀಡಿ ಹಚ್ಚಿದ. ಅಕ್ಕ ಒಂದು ಬಕೆಟ್ ನೀರನ್ನು ಅವನ ತಲೆಯ ಮೇಲೇ ಸುರಿದಳು. ಜನವರಿ ಚಳಿ, ಗಡಗಡ ನಡುಗಿಬಿಟ್ಟ. ಸೀಸನ್ ಮುಗಿಯುವವರೆಗೂ ಅವನಿಗೆ ನಮ್ಮ ಕಡೆಯಿಂದ ಟೀ ಇಲ್ಲವೆಂದು ಕಟ್ಟಪ್ಪಣೆ ಬೇರೆ.

"ಪಾಪ, ಬಿಡಕ್ಕ" ಎಂದೆ.

"ಬೆಂಕಿ ಯಾರನ್ನಾದ್ರೂ ಪಾಪ ಅಂದೈತಾ? ನಾನೂ ಅನ್ನಾಕಿಲ್ಲ."

ಬೆಂಕಿಯ ಮೇಲಿನ ಅವಳ ಹಗೆಗೆ ಕಾರಣವಿತ್ತು. ನಾನು ಬರುವುದಕ್ಕೆ ಎಷ್ಟೋ ಮೊದಲು ಅವಳೂ ಅವಳ ತಂಗಿಯೂ ಬೇರೊಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಹೆಂಗಸರು ಬೀಜ ಕದಿಯುತ್ತಾರೆಂದು ಅಲ್ಲಿ ಹಿಂಬಾಗಿಲಿಗೆ ಹೊರಗಿನಿಂದ ಬೀಗ. ಬೆಂಕಿ ಬಿದ್ದ ದಿನ ತಂಗಿ ಒಳಗಿದ್ದಳು, ಅಕ್ಕ ಹೊರಗಿದ್ದಳು. ಕಾದ ಚಿಲಕವನ್ನು ಬರಿಗೈಯಲ್ಲಿ ಹಿಡಿದು ಎಳೆದಳು. ಬಾಗಿಲು ತೆರೆಯಲಿಲ್ಲ. ಹಾಗಾಗಿ ನಮ್ಮ ಗೋದಾಮಿನ ಹಿಂಬಾಗಿಲ ಮುಂದೆ ಯಾರಾದರೂ ಪೊರಕೆ ಇಟ್ಟರೂ ಅವಳಿಂದ ಬೈಗುಳ ತಿನ್ನುತ್ತಿದ್ದರು.

ಮೊನ್ನೆ ಮೊನ್ನೆ ಕಾಫಿ ರೇಟು ಗಗನಕ್ಕೇರಿತಲ್ಲ, ಆ ಚಳಿಗಾಲದಲ್ಲಿ ನಮ್ಮ ಸಾಹುಕಾರನಿಗೂ ಕಳ್ಳರ ಭಯ ಹಿಡಿಯಿತು. ಅವನಿಗೆ ಬಹುವಚನ ಹಚ್ಚಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಿಂಬಾಗಿಲಿಗೆ ಬೀಗ ಜಡಿಸಿ, ಅದಕ್ಕೆ ಅಡ್ಡವಾಗಿ ಮೂಟೆ ಪೇರಿಸಿಬಿಟ್ಟ.

"ಸಾವ್ಕಾರ್ರೇ, ಬಾಗ್ಲು ಬಿಡ್ಸಿ. ಒಳಗೆ ಹೆಣ್ಮಕ್ಳವ್ರೆ" ಎಂದಳು ಅಕ್ಕ.

"ಕಾಫಿ ರೇಟ್ ಎಷ್ಟಾಗಿದೆ ಗೊತ್ತೇನಮ್ಮ ನಿಂಗೆ?"

"ಗೊತ್ತಿಲ್ಲ. ನಮ್ ರೇಟ್ ಎಷ್ಟು, ಅದ್ನ ಹೇಳಿ."

ಮರುದಿನವೇ ಅವಳನ್ನು ಕೆಲಸದಿಂದ ತೆಗೆದ. ಅದೂ ಸಾಲದೆಂದು ಗೇಟಿನಲ್ಲಿ, ಎಲ್ಲರ ಕಣ್ಣೆದುರು, ಕಳ್ಳಿಯ ಚೀಲದಂತೆ ಅವಳ ಊಟದ ಚೀಲವನ್ನು ಕೊಡವಿಸಿದ. ರೊಟ್ಟಿಯೊಂದು ಮಣ್ಣಿಗೆ ಬಿತ್ತು. ಅಕ್ಕ ಅಳಲಿಲ್ಲ. ನನ್ನ ಕಡೆ ತಿರುಗಿ, "ನನ್ ವಿಚಾರ ಬಿಡು. ಆ ಬಾಗ್ಲು ಬಿಡ್‌ಬ್ಯಾಡ" ಎಂದಳು.

ಮಳೆಗಾಲದಲ್ಲಿ ಎದೆಗೆ ಕಫ ಕಟ್ಟಿ ತೀರಿಕೊಂಡಳು. ಸಾಹುಕಾರ ಹಾರ ಹಿಡಿದು ಬಂದ. "ನಂಗೆ ತಾಯಿ ಇದ್ದಂಗಿದ್ರು" ಎಂದು ಕಣ್ಣೊರೆಸಿಕೊಂಡ. ಹೆಣದ ಮುಂದೆ ಜಗಳ ಬೇಡವೆಂದು ಹಲ್ಲು ಕಚ್ಚಿಕೊಂಡೆ. ಇವನನ್ನು ಸುಮ್ಮನೆ ಬಿಟ್ಟರೆ ನಾನು ಅಕ್ಕನ ಅನ್ನ ಹಂಚಿಕೊಂಡು ತಿಂದವಳೇ ಅಲ್ಲ ಎಂದುಕೊಂಡೆ.

ಮುಂದಿನ ಚಳಿಗಾಲಕ್ಕೆ ಮೇಸ್ತ್ರಿ ನಾನು. ಬಾಗಿಲಿಗೆ ಅದೇ ಬೀಗ, ಅಡ್ಡಲಾಗಿ ಅಷ್ಟೇ ಮೂಟೆಗಳು. ಒಂದೆರಡು ಸಲ ಹೇಳಿದೆ, ಕೇಳಲಿಲ್ಲ. ಮಂಗಳೂರಿಗೆ ಮಾಲು ಹೋಗುವ ದಿನಕ್ಕಾಗಿ ಕಾದೆ. ಲಾರಿ ಬಂದು ನಿಂತಿತು. ಆರಿಸಬೇಕಾದ ಕೊನೆಯ ರಾಶಿ ಇನ್ನೂ ನೆಲದ ಮೇಲಿತ್ತು. ಆಗ ಹೆಂಗಸರನ್ನೆಲ್ಲ ಎಬ್ಬಿಸಿ ಅಂಗಳದ ಬಿಸಿಲಿನಲ್ಲಿ ಕೂರಿಸಿದೆ. ಬಾಗಿಲು ತೆರೆಯುವವರೆಗೆ ಒಂದು ಬೀಜವನ್ನೂ ಮುಟ್ಟುವುದಿಲ್ಲ ಎಂದೆ.

ಸಾಹುಕಾರ ಮೊದಲು ಗದರಿಸಿದ, ಆಮೇಲೆ ಕೈಮುಗಿದ. ಕೊನೆಗೆ ಸೋತು ಲೋಡಿಂಗಿನವರನ್ನು ಕರೆದು ಮೂಟೆ ಎತ್ತಲು ಹೇಳಿದ. ಅವರು ಕೈಕಟ್ಟಿ ನಿಂತರು. ನಾವು ಮೊದಲೇ ಮಾತಾಡಿಕೊಂಡಿದ್ದೆವು.

"ನೀವೇ ಎತ್ತಿ ಸಾವ್ಕಾರ್ರೇ" ಎಂದೆ.

ಎತ್ತಲು ಹೋದ, ಆಗಲಿಲ್ಲ. ಒಂದೊಂದನ್ನೇ ಕೆಳಗುರುಳಿಸಿ ಎಳೆದ. ಬಿಳಿ ಅಂಗಿ ಧೂಳಾಯಿತು, ಉಗುರು ಕಿತ್ತು ರಕ್ತ ಬಂತು. ನಾವ್ಯಾರೂ ಒಂದು ಲೋಟ ನೀರು ಕೊಡಲಿಲ್ಲ. ನನಗೆ ಹೊಟ್ಟೆ ತುಂಬಾ ಸಂತೋಷವಾಯಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಬೀಗ ತೆಗೆದ ಮೇಲೆ ನಾವೆಲ್ಲ ಆ ಹಿಂಬಾಗಿಲಿನಿಂದಲೇ ಒಳಗೆ ಬಂದು ಕೆಲಸಕ್ಕೆ ಕೂತೆವು.

"ಈಗ ಸಮಾಧಾನ ಆಯ್ತಾ?" ಏದುಸಿರು ಬಿಡುತ್ತ ಕೇಳಿದ.

"ಇಲ್ಲ" ಎಂದೆ. "ಅಕ್ಕ ಇದ್ದಾಗ ತೆಗೀಬೇಕಿತ್ತು."