ಈಳಿಗೆಮಣೆಯ ಹಲ್ಲು ಎಲ್ಲಿದೆ?

ತೂಗಿದರೆ ಬೀರಿ ನಲವತ್ತೈದು ಕಿಲೋ ದಾಟಲಾರಳು. ಊರು ಹಿಲ್ಲೂರು, ವಯಸ್ಸು ನಲವತ್ತರ ಆಚೀಚೆ, ಓದು ಏಳನೇ ಇಯತ್ತೆ, ಅಕ್ಷರ ಮಾತ್ರ ಮುತ್ತು. ಬಾಳಿಕೆಗೆ ಗ್ಯಾರಂಟಿ ಕೊಡಬಹುದು. ಒಂದೇ ದೋಷ: ಏನು ಹೇಳಿದರೂ ‘ಯಂತಕ್ಕೆ?’ ಎಂದು ಕೇಳುತ್ತಾಳೆ. ಅಂಕೋಲೆಯಲ್ಲಿ ಅಡುಗೆಮನೆ ಸಾಮಾನು ಮಾರುವ ಮಂಗೇಶ ಶೇಟರು ಅವಳನ್ನು ಪಾರ್ಸೆಲ್ ಕಟ್ಟಲು ಇಟ್ಟುಕೊಳ್ಳುವಾಗ ಇದೊಂದನ್ನು ತಟ್ಟಿ ನೋಡಿರಲಿಲ್ಲ.

ಶೇಟರು ಅಂಗಡಿಗೆ ವೆಬ್‌ಸೈಟ್ ಮಾಡಿಸಿದ್ದರು. ಪ್ರತಿ ಫೋಟೋದ ಜೊತೆ ‘ಚಿತ್ರದ ವಿವರ’ ಬರೆಯಲು ಒಂದು ಖಾನೆ. ಖಾಲಿ ಜಾಗ ಕಂಡರೆ ವ್ಯಾಪಾರಿಯ ಜೀವ ನಿಲ್ಲುತ್ತದೆಯೇ? ಬಿಲ್ಲಿನ ತಲೆಯಲ್ಲಿದ್ದುದನ್ನೇ ನಲವತ್ತು ಫೋಟೋಗಳಿಗೂ ತುಂಬಿಸಿದರು: ‘ಶ್ರೀ ಗಣೇಶ ಪ್ರಸನ್ನ, ಮಂಗೇಶ ಸ್ಟೋರ್ಸ್, ಉತ್ತಮ ಮಾಲು.’

ಒಂದು ಮಧ್ಯಾಹ್ನ ಮಲ್ಲಾಪುರದ ಕ್ವಾರ್ಟರ್ಸಿನಿಂದ ಫೋನು ಬಂತು. ಎತ್ತಿದವಳು ಬೀರಿ.

“ನಾನು ದೀಪಾ. ನಿಮ್ಮ ಗಣಪತಿಗೆ ನಲವತ್ತು ಸಲ ಕೈ ಮುಗ್ದಾಯ್ತು. ಇನ್ನು ಸಾಮಾನು ತೋರಿಸ್ತೀರಾ?”

“ಚಿತ್ರ ಅದ್ಯಲ್ರಾ ಅಮ್ಮಾ, ನೋಡೂಕಾಗೂದಿಲ್ಲಾ?”

“ನಂಗೆ ಕಣ್ಣು ಕಾಣೂದಿಲ್ಲ ಮಾರಾಯ್ತಿ. ಫೋನು ಓದಿ ಹೇಳ್ತದೆ. ಆ ಖಾನೆಲಿ ಬರೆದದ್ದೇ ನನ್ನ ಚಿತ್ರ.”

ದೀಪಾಳಿಗೆ ಮಡಚುವ ಈಳಿಗೆಮಣೆ ಬೇಕಿತ್ತು. ತವರಿನಲ್ಲಿ ಹತ್ತು ವರ್ಷ ಅಡುಗೆ ಮಾಡಿದವಳು. ಇಲ್ಲಿ ಗಂಡ ಕೆಲಸಕ್ಕೆಂದು ಕೈಗಾ ಬಸ್ಸು ಹತ್ತಿದ ಕೂಡಲೇ ಅತ್ತೆ ಈಳಿಗೆಯನ್ನು ಅಟ್ಟಕ್ಕೆ ಏರಿಸುತ್ತಿದ್ದರು, ಸೊಸೆ ಕೈ ಕೊಯ್ದುಕೊಂಡಾಳೆಂದು. “ನಾನೇ ಆರಿಸಿ ತರಿಸ್ಬೇಕು. ಬಂದದ್ದು ತಪ್ಪಿದ್ರೆ ಆ ಮನೆಲಿ ನನ್ನ ಅಡುಗೆ ಮುಗೀತು.”

ಬೀರಿ ಅಂಗಡಿಯ ಕಂಪ್ಯೂಟರಿನಲ್ಲಿ ಫೋಟೋ ನೋಡಿ, ಕಂಡದ್ದನ್ನೆಲ್ಲ ಬರೆದು ಫೋನಿನಲ್ಲೇ ಓದಿದಳು: ಕಂದು ಮಣೆ, ಹಿಂದೆ ಕ್ಯಾಲೆಂಡರ್, ಮೂಲೆಯಲ್ಲಿ ಬೆಕ್ಕು, ಶೇಟರ ಮೊಣಕೈ.

“ಬೆಕ್ಕನ್ನೂ ಮಾರ್ತೀರಾ?” ದೀಪಾ ನಕ್ಕಳು. “ನಾನು ಕೊಳ್ಳೂದನ್ನ ಹೇಳೆ. ಕೈ ಎಲ್ಲಿ ಇಡ್ಬಾರ್ದು, ಅದು ಮೊದಲು.”

ಬೀರಿಗೆ ಇದು ಹೊಸ ಸೋಜಿಗ. ಕಣ್ಣು ಒಂದೇ ಸಲಕ್ಕೆ ಬಾಚಿಕೊಳ್ಳುವುದರಲ್ಲಿ ಬೇಕಾದದ್ದು ಯಾವುದು, ಬೇಡದ್ದು ಯಾವುದು? ಕಪಾಟಿನಿಂದ ಅದೇ ಈಳಿಗೆಮಣೆ ತಂದು, ಕಣ್ಣು ಮುಚ್ಚಿ ಮೆಲ್ಲಗೆ ಸವರತೊಡಗಿದಳು.

“ಅಗೋ ಬೀರಿ, ಅಂಗಡಿಲಿ ನಿದ್ದೆಯಾ?” ಎಂದರು ಶೇಟರು.

“ನಿದ್ದೆ ಅಲ್ರಾ ಶೇಟ್ರೆ. ನೋಡ್ತೆ.”

ಕಣ್ಣು ಬಿಟ್ಟು, ಫೋಟೋಕ್ಕೆ ಹೋಲಿಸಿ ಬರೆದಳು: ‘ಮಡಚಿಟ್ಟ ಈಳಿಗೆಮಣೆ. ಅಲಗು ಮಣೆಯ ಸೀಳಿನೊಳಗೆ ಅಡಗಿದೆ. ಕಾಯಿ ತುರಿಯುವ ಹಲ್ಲು ಮಾತ್ರ ಎರಡು ಬೆರಳಿನಷ್ಟು ಹೊರಗೆ ಚಾಚಿದೆ.’

ಶೇಟರು ಇಣುಕಿ ಓದಿದರು. “ಹಲ್ಲು ಹೊರಗೆ ಅಂತ ಯಾರಾದ್ರೂ ಬರೀತಾರಾ? ಗಿರಾಕಿ ಓಡ್ತದೆ! ಅಳಿಸು.”

“ಯಂತಕ್ಕೆ? ಫೋಟೋದಲ್ಲಿ ಕಾಣ್ತದ್ಯಲ್ರಾ. ಕಣ್ಣಿದ್ದೋರಿಗೆ ತೋರ್ಸಿ, ಇಲ್ದೋರಿಗೆ ಮುಚ್ಚಿಡೂದಾ?”

ಶೇಟರು ಚಾ ಕುಡಿಯಲು ಹೋದರು. ಅವರ ಮಟ್ಟಿಗೆ ಅದು ಒಪ್ಪಿಗೆಯೇ.

ಗಿರಾಕಿ ಓಡಿದ್ದು ನಿಜ. ದೀಪಾ ಆ ಈಳಿಗೆ ಬೇಡವೆಂದಳು. ಸಂಜೆಯ ತನಕ ಶೇಟರ ಮುಖದಲ್ಲಿ ‘ನಾ ಹೇಳಿರಲಿಲ್ವಾ’ ಎಂಬ ಬೋರ್ಡು ತೂಗಾಡಿತು. ಬೀರಿ ಮಾತ್ರ ಒಂದೊಂದೇ ಖಾನೆಯನ್ನು ತಿದ್ದುತ್ತ ಹೋದಳು. ಮರುದಿನ ದೀಪಾಳ ಫೋನು ಅವಳ ಕಿವಿಯಲ್ಲಿ ಓದಿತು: ‘ಚಿಕ್ಕ ಈಳಿಗೆಮಣೆ, ಮಡಚಿಟ್ಟದ್ದು. ಅಲಗೂ ಹಲ್ಲೂ ಪೂರ್ತಿ ಒಳಗೆ. ಮೇಲೆ ಹಿತ್ತಾಳೆಯ ಚಿಲಕ.’ ದೀಪಾ ಯಾರನ್ನೂ ಕೇಳದೆ ಅದನ್ನೇ ತರಿಸಿಕೊಂಡಳು.

ನಾಲ್ಕನೇ ದಿನ ಬೀರಿ ತಾನಾಗಿಯೇ ಫೋನು ಮಾಡಿದಳು. ತಿಳಿಯದಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ. “ಅತ್ತೆ ಯಂತ ಅಂದ್ರು?”

“ಮಡಚಿ ತೋರ್ಸು ಅಂದ್ರು, ತೋರ್ಸ್ದೆ. ಬಿಚ್ಚಿ ತೋರ್ಸು ಅಂದ್ರು, ಅದನ್ನೂ ತೋರ್ಸ್ದೆ. ಈಗ ನಾನು ಕಾಯಿ ತುರೀತೆ, ಅವರು ಹೊರಗೆ ಕೂತು ಚಾ ಕುಡೀತಾರೆ.”

ಶೇಟರ ಎದುರು ಸಾಲಿನಲ್ಲಿ ಬಟ್ಟೆ ಮಾರುವ ನನಗೂ ಒಂದು ವೆಬ್‌ಸೈಟ್ ಇದೆ. ಸೀರೆಯ ಚಿತ್ರಕ್ಕೆ ‘ಮನಮೋಹಕ’ ಎಂದು ಗೀಚುವುದನ್ನು ಬಿಟ್ಟು, ಅಂಚು ಎಷ್ಟು ಬೆರಳಗಲ, ಸೆರಗಿನ ಮೇಲೆ ಏನಿದೆ ಎಂದು ಬರೆಯಲು ನಾನು ಕಲಿತದ್ದು ಬೀರಿಯಿಂದ. ಅದಕ್ಕೆ ನಾನು ಅವಳಿಗೆ ಋಣಿ.