ಎಡಗೈಗೆ ಬಂದ ಕತ್ತರಿ

ನನ್ನ ದೊಡ್ಡಪ್ಪ ದರ್ಜಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಗಡಿಯಾರ ರಿಪೇರಿ ಅಂಗಡಿಗೂ ಬೀಗದ ಕೈ ಮಾಡುವವನ ಗೂಡಿಗೂ ನಡುವೆ, ಎಂಟಡಿ ಅಗಲದ ಜಾಗದಲ್ಲಿ ಕೂತು ಮೂವತ್ತೊಂದು ವರ್ಷ ಊರಿನ ಗಂಡಸರಿಗೆ ಷರಟು, ಪ್ಯಾಂಟು, ಕೋಟು ಹೊಲಿದವರು. ಗಿರಾಕಿಗಳು ಅವರಿಗೆ ಇಟ್ಟಿದ್ದ ಹೆಸರು ‘ಕಾಲಿಂಚು’. ಹೊಸ ಕೋಟು ತೊಟ್ಟ ಗಿರಾಕಿ ಕನ್ನಡಿ ಮುಂದೆ ಎದೆಯುಬ್ಬಿಸಿ ನಿಂತಿರುವಾಗಲೇ ಇವರು ಹಿಂದಿನಿಂದ ಬಂದು, “ಬಿಚ್ಚಿ ಇಲ್ಲಿ, ಬೆನ್ನಲ್ಲಿ ಕಾಲಿಂಚು ಜಾಸ್ತಿ ಆಗಿದೆ” ಅನ್ನುತ್ತಿದ್ದರು. ಒಬ್ಬ ಮದುಮಗನನ್ನು ಮದುವೆಯ ದಿನವೇ ಮುಕ್ಕಾಲು ಗಂಟೆ ಬನಿಯನ್ನಿನಲ್ಲಿ ನಿಲ್ಲಿಸಿಕೊಂಡಿದ್ದರಂತೆ. ಆ ಹುಡುಗನ ಮಾವ ಬಂದು ಕರೆದರೂ ಬಿಡಲಿಲ್ಲವಂತೆ.

ದೊಡ್ಡಮ್ಮ ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಾತಿನಲ್ಲಿ ಅವರನ್ನು ಗೆದ್ದವರಿಲ್ಲ. ಆದರೆ ಗಂಡನ ಕತ್ತರಿಯನ್ನು ಮಾತ್ರ ಅವರು ಒಂದು ದಿನವೂ ಮುಟ್ಟಿರಲಿಲ್ಲ. ದೊಡ್ಡಪ್ಪ ಮುಟ್ಟಲು ಬಿಟ್ಟಿರಲಿಲ್ಲ ಅನ್ನುವುದೇ ಸರಿ. ಯಾರೋ ಒಮ್ಮೆ ಅದರಲ್ಲಿ ಕಾಗದ ಕತ್ತರಿಸಿದರೆಂದು ಎರಡು ದಿನ ಮಾತು ಬಿಟ್ಟಿದ್ದ ಮನುಷ್ಯ ಅವರು. ಆ ಯಾರೋ ನಾನೇ. ಆಗ ನನಗೆ ಏಳು ವರ್ಷ. ನಾನು ಅವರ ತಮ್ಮನ ಮಗಳು, ಎರಡು ಬೀದಿ ಆಚೆ ನಮ್ಮ ಮನೆ.

ದೊಡ್ಡಪ್ಪನಿಗೆ ಐವತ್ತಾರು ನಡೆಯುತ್ತಿದ್ದಾಗ, ಒಂದು ಸೋಮವಾರ ಬೆಳಿಗ್ಗೆ, ಬೂದು ಬಣ್ಣದ ಕೋಟಿನ ಬಟ್ಟೆ ಕತ್ತರಿಸುತ್ತಿರುವಾಗ ಕತ್ತರಿ ನಡುವೆಯೇ ನಿಂತುಬಿಟ್ಟಿತು. “ಬಟ್ಟೆ ದಪ್ಪ ಇದೆ ಅಂದ್ಕೊಂಡೆ” ಅಂತ ಆಮೇಲೆ ಹೇಳಿದರು. ಇನ್ನಷ್ಟು ಒತ್ತಲು ಹೋದರು. ಕೈ ಮಾತು ಕೇಳಲಿಲ್ಲ. ಕತ್ತರಿ ಬಿದ್ದ ಸದ್ದಿಗೆ ಗಡಿಯಾರದವನು ಬಗ್ಗಿ ನೋಡಿದರೆ ಇವರು ಸ್ಟೂಲಿನಿಂದ ಜಾರಿ ಬಟ್ಟೆ ತುಂಡುಗಳ ಮೇಲೆ ಕೂತಿದ್ದರು, ಬಾಯಿ ಒಂದು ಕಡೆಗೆ ವಾಲಿತ್ತು. ಲಕ್ವ ಹೊಡೆದಿತ್ತು.

ಮೂರು ವಾರ ಆಸ್ಪತ್ರೆ. ಮಾತು ಬಂತು. ಕಾಲು ಎಳೆದು ಹಾಕುತ್ತಾ ನಡೆಯುವಷ್ಟಾಯಿತು. ಬಲಗೈ ಮಾತ್ರ ಬರಲಿಲ್ಲ. ಭುಜದಿಂದ ಕೆಳಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅಂಗಡಿ ಖಾಲಿ ಮಾಡಿದೆವು. ಹೊಲಿಗೆ ಯಂತ್ರವನ್ನು ಮನೆಗೆ ತಂದು ಹಜಾರದಲ್ಲಿ ಇಟ್ಟಾಗ ದೊಡ್ಡಪ್ಪ, “ಗೋಡೆ ಕಡೆ ತಿರುಗಿಸಿಡಿ” ಅಂದರು. ದೊಡ್ಡಮ್ಮ ಅದರ ಮೇಲೆ ಹಳೆಯ ಹೊದಿಕೆ ಹೊದಿಸಿದರು.

ಆಮೇಲೆ ಎಂಟು ತಿಂಗಳು ಆ ಮನೆಯಲ್ಲಿ ಉಸಿರುಕಟ್ಟಿದ ಹಾಗಿತ್ತು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ, ಮಾತ್ರೆ ಕೊಡುವ ನೆಪದಲ್ಲಿ ಎರಡು ದಿನಕ್ಕೊಮ್ಮೆ ಹೋಗುತ್ತಿದ್ದೆ. ದೊಡ್ಡಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಬೀದಿ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು, ಆದರೆ ಬೀದಿಯಲ್ಲಿ ಯಾರು ಹೋದರು ಅಂತ ಕೇಳಿದರೆ ಗೊತ್ತಿರುತ್ತಿರಲಿಲ್ಲ. ಬೆಳಿಗ್ಗೆ ದೊಡ್ಡಮ್ಮ ಅವರಿಗೆ ಷರಟು ತೊಡಿಸಿ ಗುಂಡಿ ಹಾಕುವುದನ್ನು ಒಮ್ಮೆ ಕಂಡೆ. ಊರಿಗೆಲ್ಲ ಗುಂಡಿ ಹಾಕಿಕೊಟ್ಟ ಮನುಷ್ಯ ಸೂರು ನೋಡುತ್ತಾ ಕತ್ತೆತ್ತಿ ನಿಂತಿದ್ದರು. ಏಳು ಗುಂಡಿ. ನಾನು ಬಾಗಿಲಿನಿಂದಲೇ ಹಿಂದೆ ಸರಿದೆ.

ವಾರಕ್ಕೊಮ್ಮೆ, ಮಂಗಳವಾರ, ನನ್ನ ಜೊತೆ ಆಸ್ಪತ್ರೆಗೆ ಹೋಗಿ ಕೈಗೆ ವ್ಯಾಯಾಮ ಮಾಡಿಸಿಕೊಂಡು ಬರಬೇಕಿತ್ತು. ಅಲ್ಲಿ ವ್ಯಾಯಾಮ ಕಲಿಸುವ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಆದರೆ ಯಾರ ಹಟಕ್ಕೂ ಬಗ್ಗುವವಳಲ್ಲ. ಒಂದು ಬುಟ್ಟಿ ಬಟ್ಟೆ ಕ್ಲಿಪ್ಪು ಮುಂದಿಟ್ಟು, ದಾರಕ್ಕೆ ಒಂದೊಂದಾಗಿ ಸಿಕ್ಕಿಸಿ ಅನ್ನುತ್ತಿದ್ದಳು.

“ಇಷ್ಟು ವರ್ಷ ಬಟ್ಟೆ ಹೊಲಿದೆ. ಈಗ ಬಟ್ಟೆ ಒಣಹಾಕೋ ಕೆಲಸ ಕೊಟ್ಟಿದ್ದೀಯಮ್ಮ” ಅಂದರು ದೊಡ್ಡಪ್ಪ.

“ಬಟ್ಟೆ ಇಲ್ಲ ಅಂಕಲ್, ಬರೀ ಕ್ಲಿಪ್ಪು. ಇನ್ನೂ ಬಡ್ತಿ ಸಿಕ್ಕಿಲ್ಲ ನಿಮಗೆ” ಅಂದಳು ಅವಳು.

ಅಲ್ಲಿ ಸರದಿಗೆ ಕಾಯುವ ಬೆಂಚಿನ ಮೇಲೆ ದೊಡ್ಡಪ್ಪನಿಗೆ ಒಬ್ಬರು ನಿವೃತ್ತ ಟೀಚರಮ್ಮನ ಪರಿಚಯವಾಯಿತು. ಅವರಿಗೂ ಲಕ್ವ, ಎಡಭಾಗ. ಎಡಭುಜ ಕಲ್ಲಾಗಿ ಕೂತಿತ್ತು, ಎತ್ತಲು ಆಗದು. ವರ್ಷದಿಂದ ಮೈಮೇಲೆ ಒಂದೇ ಬಗೆಯ ಬಟ್ಟೆ: ಗೋಣಿಚೀಲದಂತೆ ಸಡಿಲವಾದ ಉದ್ದ ನಿಲುವಂಗಿ. ಅವರು ಪಾಠ ಮಾಡಿದ ಶಾಲೆಗೆ ಐವತ್ತು ವರ್ಷ ತುಂಬುತ್ತಿತ್ತು. ಬಂದು ನಾಲ್ಕು ಮಾತಾಡಿ ಅಂತ ಕರೆದಿದ್ದರು. ಇವರು ಆಗುವುದಿಲ್ಲ ಅಂದುಬಿಟ್ಟಿದ್ದರು.

“ಮಾತು ಮರೆತಿಲ್ಲ” ಅಂದರು ಟೀಚರ್. “ಆದ್ರೆ ಇದನ್ನ ಹಾಕ್ಕೊಂಡು ಮಕ್ಕಳ ಮುಂದೆ ನಿಲ್ಲೋದಿಲ್ಲ. ನೋಡಿದವರು ‘ಪಾಪ’ ಅಂತಾರೆ. ಆ ಶಾಲೇಲಿ ನನ್ನನ್ನ ಕಂಡ್ರೆ ಎಲ್ಲರೂ ಹೆದರ್ತಿದ್ರು. ಅದೇ ಇರಲಿ.”

ದೊಡ್ಡಪ್ಪ ಅವರ ಭುಜವನ್ನೇ ನೋಡುತ್ತಿದ್ದರು. ಮನೆಗೆ ಬಂದು, ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಾ ಅಂದರು: “ಆ ಟೀಚರ್‌ಗೆ ಎಡಭುಜ ಒಂದಿಂಚು ಇಳಿದಿದೆ. ಕಂಕುಳಲ್ಲಿ ಜಾಗ ಬಿಟ್ಟು, ತೋಳಿನ ಕೆಳಗಿಂದ ಸೊಂಟದವರೆಗೆ ತೆರೆದ್ರೆ ಕೈ ಎತ್ತದೇನೇ ಹಾಕ್ಕೋಬಹುದು.”

ದೊಡ್ಡಮ್ಮ ಅನ್ನ ಬಡಿಸುತ್ತಿದ್ದ ಕೈ ಹಾಗೇ ನಿಂತಿತಂತೆ. ಎಂಟು ತಿಂಗಳಲ್ಲಿ ದೊಡ್ಡಪ್ಪ ಆಡಿದ ಅತಿ ಉದ್ದದ ಮಾತು ಅದು.

ಮರುದಿನವೇ ಯಂತ್ರ ಗೋಡೆಯಿಂದ ಈಚೆ ತಿರುಗಿತು. ಜಗಳವೂ ಶುರುವಾಯಿತು. ಕತ್ತರಿಸುವುದು ದೊಡ್ಡಮ್ಮ, ಹೇಳುವುದು ದೊಡ್ಡಪ್ಪ. “ಗೆರೆ ಮೇಲೆ, ಗೆರೆ ಮೇಲೆ. ಅದು ಗೆರೆ ಅಲ್ಲ, ನೆರಿಗೆ. ಕಣ್ಣು ಎಲ್ಲಿಟ್ಟಿದ್ದೀಯ?” ಮೂರು ದಿನ ದೊಡ್ಡಮ್ಮ ಹಲ್ಲುಕಚ್ಚಿ ಸಹಿಸಿದರು. ನಾಲ್ಕನೆಯ ದಿನ ನಾನು ಅಲ್ಲೇ ಇದ್ದೆ. ಅವರು ಕತ್ತರಿಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಎಸೆದಿದ್ದರೆ ಇಷ್ಟು ಭಯ ಆಗುತ್ತಿರಲಿಲ್ಲ.

“ರೀ, ನಾನು ನಿಮ್ಮ ಕೈ ಹಿಡಿದವಳು. ನಿಮ್ಮ ಕೈಯೇ ಆಗೋಕೆ ಬಂದವಳಲ್ಲ. ಇನ್ನೊಂದು ಕೈ ಇದೆಯಲ್ಲ, ಅದಕ್ಕೆ ಬೈದು ಕಲಿಸಿ.”

ದೊಡ್ಡಪ್ಪ ತಮ್ಮ ಎಡಗೈಯನ್ನು ಯಾರದೋ ಕೈ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಅಂದು ಸಂಜೆಯೇ ಅವರು ಎಡಗೈಯಲ್ಲಿ ಕತ್ತರಿ ಹಿಡಿದರು. ಬಟ್ಟೆ ತುಂಡಾಗಲಿಲ್ಲ, ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಹಾಕಿಕೊಂಡಿತು. ಬಲಗೈಯವರ ಕತ್ತರಿ ಎಡಗೈಯಲ್ಲಿ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಎಡಗೈಯವರಿಗೆಂದೇ ಬೇರೆ ಕತ್ತರಿ ಇರುತ್ತದೆ ಅನ್ನುವುದು ಇಷ್ಟು ವರ್ಷ ಕತ್ತರಿಯಲ್ಲೇ ಬದುಕಿದ ಅವರಿಗೆ ಗೊತ್ತಿತ್ತು, ಆದರೆ ಕಂಡಿರಲಿಲ್ಲ. ನಾನು ಒಂಬತ್ತು ಅಂಗಡಿ ಸುತ್ತಿದೆ. ಎಂಟರಲ್ಲಿ ನಕ್ಕರು. ಒಂಬತ್ತನೆಯವನು ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿ, “ಯಾವನೋ ತಪ್ಪಿ ಕಳಿಸಿದ್ದ, ಹದಿನೈದು ವರ್ಷದಿಂದ ಇದೆ” ಅಂದ.

ಎಡಗೈಯಲ್ಲಿ ಕತ್ತರಿಸುವುದನ್ನೂ ಹೊಲಿಯುವುದನ್ನೂ ಕಲಿಯಲು ಅವರಿಗೆ ಎರಡು ತಿಂಗಳು ಹಿಡಿಯಿತು. ಮೊದಲು ಹಳೆಯ ಪತ್ರಿಕೆ, ಆಮೇಲೆ ಹರಿದ ಹೊದಿಕೆ, ಆಮೇಲೆ ದೊಡ್ಡಮ್ಮನ ಕಣ್ಣು ತಪ್ಪಿಸಿ ಹಾಗೇನೂ ಹರಿಯದ ಕಿಟಕಿ ಪರದೆ. ಬಟ್ಟೆ ಜಾರದಂತೆ ಒಂದು ತುದಿಗೆ ಇಸ್ತ್ರಿ ಪೆಟ್ಟಿಗೆ ಇಡುತ್ತಿದ್ದರು, ಇನ್ನೊಂದು ತುದಿಗೆ ತಮ್ಮದೇ ಬಲಗೈಯನ್ನು ಎತ್ತಿ ಇಡುತ್ತಿದ್ದರು. “ಕೈಕೊಟ್ಟ ಕೈ ಇದು. ಸುಮ್ನೆ ಕೂತು ತಿನ್ನೋದು ಬೇಡ, ಭಾರಕ್ಕಾದ್ರೂ ಆಗ್ಲಿ” ಅನ್ನುತ್ತಿದ್ದರು. ಗೆರೆಗಳು ಹಾವು ಹರಿದಂತೆ ಬರುತ್ತಿದ್ದವು. ಅದನ್ನು ಕಂಡು ಅವರ ಮುಖ ಕಪ್ಪಿಡುತ್ತಿತ್ತು. ಎರಡು ಸಲ ಎಲ್ಲವನ್ನೂ ಮೂಲೆಗೆ ತಳ್ಳಿ ಮಲಗಿಬಿಟ್ಟಿದ್ದರು. ದೊಡ್ಡಮ್ಮ ಬಟ್ಟೆಯನ್ನು ಇಸ್ತ್ರಿ ಮಾಡಿ ಮತ್ತೆ ಮೇಜಿನ ಮೇಲೆ ಹರಡಿಡುತ್ತಿದ್ದರು.

ಮೊದಲು ಪೂರ್ತಿಯಾದದ್ದು ಅವರದೇ ಷರಟು. ಹೊರಗೆ ಏಳು ಗುಂಡಿ ಸಾಲಾಗಿ ಕೂತಿದ್ದವು, ಎಲ್ಲವೂ ಮೇಲೆಯೇ ಹೊಲಿದ ತೋರಿಕೆಯ ಗುಂಡಿಗಳು. ಒಳಗೆ ಒತ್ತಿದರೆ ಅಂಟಿಕೊಳ್ಳುವ ಪಟ್ಟಿ. ಒಂದು ಬೆಳಿಗ್ಗೆ ದೊಡ್ಡಮ್ಮ ಎಂದಿನಂತೆ ಒದ್ದೆ ಕೈ ಒರೆಸಿಕೊಂಡು ಕೋಣೆಗೆ ಹೋದರೆ ದೊಡ್ಡಪ್ಪ ಷರಟು ತೊಟ್ಟು, ಕಾಲರು ಸರಿಮಾಡಿಕೊಂಡು ನಿಂತಿದ್ದರು.

“ಯಾರು ಹಾಕಿದ್ರು?” ಅಂತ ದೊಡ್ಡಮ್ಮ ಕೇಳಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ನಾನೇ.”

ದೊಡ್ಡಮ್ಮ ಅಡುಗೆಮನೆಗೆ ವಾಪಸ್ ಹೋಗಿ ನಲ್ಲಿ ತಿರುಗಿಸಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದರಂತೆ. ಇದನ್ನು ನನಗೆ ಹೇಳಿದ್ದು ಅವರೇ. “ಅಳು ಕೇಳಿಸಬಾರದು ನೋಡು” ಅಂದರು.

ಟೀಚರ್ ಬಟ್ಟೆ ಮಾತ್ರ ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ಶಾಲೆಯ ಸಮಾರಂಭಕ್ಕೆ ಐದು ವಾರ ಉಳಿದಿತ್ತು. ಪಕ್ಕದಲ್ಲಿ ತೆರೆದರೆ ಮೇಲಿನಿಂದ ಹಾಕಲು ಕೈ ಎತ್ತಬೇಕು ಅಂತ ಆಮೇಲೆ ಹೊಳೆದು, ಬೆನ್ನಲ್ಲಿ ತೆರೆಯುವಂತೆ ಹೊಲಿದು ಒಯ್ದರು. ಟೀಚರ್ ಅದನ್ನು ಎತ್ತಿ ನೋಡಿ, ಮಡಚಿ, ಹಿಂದಕ್ಕೆ ಕೊಟ್ಟರು. “ಬೆನ್ನು ಕಾಣೋ ಬಟ್ಟೆ ಆಸ್ಪತ್ರೇಲಿ ಹಾಕ್ಕೊಂಡು ಸಾಕಾಗಿದೆ. ಚೆನ್ನಾಗಿ ಹೊಲಿದಿದ್ದೀರಿ, ಆದ್ರೆ ಹತ್ತಕ್ಕೆ ಮೂರು ಅಂಕ.”

ಮೂರು ಅಂಕದ ಅವಮಾನ ದೊಡ್ಡಪ್ಪನನ್ನು ನಾಲ್ಕು ದಿನ ಸುಟ್ಟಿತು. ಎರಡನೆಯದು ಮುಂದೆ ತೆರೆಯುವ ಉದ್ದ ಕೋಟು. ಅಂಟುಪಟ್ಟಿ ಟೀಚರ್‌ಗೆ ಬೇಡವಾಗಿತ್ತು. ಬಿಚ್ಚುವಾಗ ‘ಪರ್’ ಅಂತ ಸದ್ದು ಬಂದರೆ ಮಕ್ಕಳು ನಗುತ್ತಾರೆ ಅಂದಿದ್ದರು. ದೊಡ್ಡಮ್ಮ ತಮ್ಮ ಕೈಚೀಲ ಮುಚ್ಚುತ್ತಿದ್ದಾಗ ‘ಟಕ್’ ಅಂದದ್ದು ದೊಡ್ಡಪ್ಪನ ಕಿವಿಗೆ ಬಿತ್ತು. ಆ ಚೀಲದ ಅಯಸ್ಕಾಂತದ ಗುಂಡಿ ಅಂದೇ ಬಿಚ್ಚಿಕೊಂಡು ಕೋಟು ಸೇರಿತು, ನನ್ನ ಹಳೆಯ ಚೀಲಗಳಿಂದ ಇನ್ನೂ ಮೂರು ಬಂದವು. ದೊಡ್ಡಮ್ಮನ ಚೀಲಕ್ಕೆ ಇವತ್ತಿಗೂ ಪಿನ್ನೇ ಗತಿ. ವ್ಯಾಯಾಮದ ಡಾಕ್ಟರಮ್ಮ ಅದನ್ನು ನೋಡಿ, ಎದೆಯಲ್ಲಿ ಹೃದಯದ ಯಂತ್ರ ಇಟ್ಟುಕೊಂಡವರಿಗೆ ಅಯಸ್ಕಾಂತ ಅಪಾಯ, ಕೇಳದೆ ಹಾಕಬೇಡಿ ಅಂದಳು. ಅಂದಿನಿಂದ ಅಳತೆ ಪುಸ್ತಕದಲ್ಲಿ ಎದೆ, ಸೊಂಟ, ತೋಳಿನ ಜೊತೆ ‘ಯಂತ್ರ ಇದೆಯಾ?’ ಅನ್ನುವ ಸಾಲೂ ಸೇರಿತು. ಟೀಚರ್‌ಗೆ ಇರಲಿಲ್ಲ.

ಎಡತೋಳು ಮೊದಲು, ಆಮೇಲೆ ಹಿಂದಿನಿಂದ ಸುತ್ತಿ ಬಲತೋಳು, ಮುಂದೆ ನಾಲ್ಕು ಸಲ ‘ಟಕ್’. ಟೀಚರ್ ಆಸ್ಪತ್ರೆಯ ಕೋಣೆಯಲ್ಲಿ ಒಬ್ಬರೇ ತೊಟ್ಟುಕೊಂಡು ಹೊರಬಂದರು. ಕಡುನೀಲಿ, ಎತ್ತರದ ಕಾಲರು. ಬೆಂಚಿನ ಮೇಲೆ ಕಾಯುತ್ತಿದ್ದವರೆಲ್ಲ ಯಾಕೋ ಸೆಟೆದು ಕೂತರು.

“ಎಷ್ಟು ಅಂಕ ಮೇಡಂ?” ಅಂತ ದೊಡ್ಡಪ್ಪ ಕೇಳಿದರು.

“ಒಂಬತ್ತು. ಹತ್ತು ನಾನು ಯಾರಿಗೂ ಕೊಟ್ಟಿಲ್ಲ.”

ಶಾಲೆಯಲ್ಲಿ ಅವರು ನಾಲ್ಕು ಮಾತಿನ ಬದಲು ಐವತ್ತು ನಿಮಿಷ ಮಾತಾಡಿದರಂತೆ. ನಡುವೆ ಗುಸುಗುಸು ಅಂದವರನ್ನು ಎಬ್ಬಿಸಿ ನಿಲ್ಲಿಸಿದರಂತೆ, ಅವರಲ್ಲಿ ಒಬ್ಬರು ಆಗಿನ ಹೆಡ್ ಮಾಸ್ತರು.

ಅಲ್ಲಿಂದ ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಡಾಕ್ಟರಮ್ಮ ತನ್ನ ಕೋಣೆಯ ಒಂದು ಮೂಲೆ ತೆರವು ಮಾಡಿಕೊಟ್ಟಳು. ಮಂಗಳವಾರ ಅಲ್ಲಿ ಅಳತೆ, ಉಳಿದ ದಿನ ಮನೆಯಲ್ಲಿ ಹೊಲಿಗೆ. ಗಾಲಿಕುರ್ಚಿಯಲ್ಲಿ ಕೂರುವವರಿಗೆ ಹಿಂದೆ ಎತ್ತರ, ಮುಂದೆ ತಗ್ಗು ಇರುವ ಪ್ಯಾಂಟು. ಬೆರಳು ಮಡಚಲಾಗದ ಅಜ್ಜಿಗೆ ಬಳೆಯಷ್ಟು ದೊಡ್ಡ ಉಂಗುರ ಕಟ್ಟಿದ ಜಿಪ್ಪು. ದೊಡ್ಡಮ್ಮನೂ ಅಷ್ಟರಲ್ಲಿ ಅಂಚು ಮಡಚುವುದರಲ್ಲಿ ಪಳಗಿದ್ದರು, ಬೈಗುಳವಿಲ್ಲದ ಷರತ್ತಿನ ಮೇಲೆ.

ಒಂದು ಮಂಗಳವಾರ ಆಸ್ಪತ್ರೆಗೆ ಒಬ್ಬ ಲಾರಿ ಡ್ರೈವರ್ ಬಂದ. ಅಪಘಾತದಲ್ಲಿ ಎಡಗೈ ಮೊಣಕೈಗಿಂತ ಮೇಲಿನಿಂದಲೇ ತುಂಡಾಗಿತ್ತು. ಬಂದವನು ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡಪ್ಪ ಖಾಲಿ ತೋಳನ್ನು ಮಡಚಿ, ಒಳಗಿನಿಂದ ಹೊಲಿದರೆ ಅಚ್ಚುಕಟ್ಟಾಗಿರುತ್ತದೆ ಅಂದರು.

“ಮಡಚಬೇಡಿ” ಅಂದ ಅವನು. “ಮಡಚಿದ್ರೆ ಅದು ಇನ್ನೂ ಏನೋ ಬರ್ಬೇಕು ಅಂತ ಕಾಯ್ತಿರೋ ಹಾಗಿರತ್ತೆ. ನಂದು ಇಷ್ಟೇ ಸ್ವಾಮಿ. ಇಷ್ಟಕ್ಕೆ ಹೊಲೀರಿ.”

ದೊಡ್ಡಪ್ಪ ಟೇಪು ತೆಗೆದುಕೊಂಡು ಆ ಮೋಟು ತೋಳಿನ ಅಳತೆಯನ್ನು ಬೇರೆ ಯಾವುದೇ ತೋಳಿನ ಅಳತೆಯಂತೆಯೇ, ಮೂರು ಕಡೆ, ಎರಡೆರಡು ಸಲ ತೆಗೆದರು. ಬಲತೋಳಿನ ತುದಿಗೆ ಹಾಕಿದಂಥದೇ ಕಫ್ ಪಟ್ಟಿಯನ್ನು ಆ ಗೇಣುದ್ದದ ತೋಳಿಗೂ ಹಾಕಿ, ಎರಡು ಗುಂಡಿ ಕೂರಿಸಿದರು. ಡ್ರೈವರ್ ಅದನ್ನು ತೊಟ್ಟು, ತೋಳಿನ ಪಟ್ಟಿಯನ್ನು ಬೆರಳಿನಿಂದ ಸವರುತ್ತಾ ಹೋದ. ಮುಂದಿನ ಮಂಗಳವಾರ ಮನೆಯಲ್ಲಿದ್ದ ಷರಟುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಬಂದ.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ನನಗೆ ಹೇಳಿದರು: “ನೋಡು ಪುಟ್ಟಿ, ಅಂಗಡೀಲಿ ಬರೋರೆಲ್ಲ ಕನ್ನಡಿ ನೋಡ್ಕೊಂಡು ‘ಚೆನ್ನಾಗಿ ಕಾಣ್ತೀನಾ’ ಅಂತ ಕೇಳೋರು. ಇಲ್ಲಿ ಬರೋರು ಅದನ್ನ ಕೇಳೋದಿಲ್ಲ. ‘ನಾನೇ ಹಾಕ್ಕೊಂಡೆ’ ಅಂತ ಹೇಳ್ತಾರೆ. ಅದನ್ನ ಕೇಳಿದ ದಿನ ನನಗೆ ಊಟ ರುಚಿಸತ್ತೆ.”

“ಕೈ ಹೋಗಿದ್ದೇ ಒಳ್ಳೇದಾಯ್ತು ಅಂತೀರಾ ಹಾಗಾದ್ರೆ?”

“ಹುಚ್ಚಿ. ಅದು ಹೆಂಗೆ ಒಳ್ಳೇದಾಗತ್ತೆ? ದಿನಾ ಬೆಳಿಗ್ಗೆ ಎದ್ದಾಗ ಬೇಜಾರಾಗತ್ತೆ. ಆಮೇಲೆ ಕೆಲಸ ನೆನಪಾಗತ್ತೆ.”

ಈಗ ಅವರಿಗೆ ಅರವತ್ತೆಂಟು. ಕೈ ಹಾಗೇ ಇದೆ. ಮನೆಯ ಹಜಾರದಲ್ಲಿ ಮೂರು ಯಂತ್ರಗಳಿವೆ. ಎರಡರ ಮುಂದೆ ಕಾಲಿನ ತೊಂದರೆಯಿರುವ ಇಬ್ಬರು ಹೆಂಗಸರು ಕೂತು ಕಲಿಯುತ್ತಾರೆ. ಅವರಿಗೆ ಬೈಯುವ ಅಧಿಕಾರವನ್ನು ದೊಡ್ಡಮ್ಮ ಗಂಡನ ಕೈಯಿಂದ ಕಿತ್ತುಕೊಂಡು ತಾವೇ ಇಟ್ಟುಕೊಂಡಿದ್ದಾರೆ. ದೊಡ್ಡಪ್ಪನಿಗೆ ಹೊಸದೊಂದು ಚಟ ಹತ್ತಿದೆ, ಹೊಲಿಯುವಾಗ ಹಾಡುತ್ತಾರೆ. ಅಂಗಡಿಯಲ್ಲಿದ್ದಷ್ಟು ವರ್ಷ ಒಂದು ದಿನವೂ ಹಾಡಿದವರಲ್ಲ. ಶ್ರುತಿಗೂ ಅವರಿಗೂ ಯಾವ ಸಂಬಂಧವೂ ಇಲ್ಲ.

ಮೊನ್ನೆ ನಾನು ಹೋಗಿದ್ದಾಗ ಮಹಡಿ ಮೇಲಿನ ಮನೆಯವರು ಇಳಿದು ಬಂದು, ಸ್ವಲ್ಪ ಮೆಲ್ಲಗೆ ಹಾಡಲು ಹೇಳಿ ಅಂದರು.

“ಅವರು ಹಾಡೋದನ್ನ ನಿಲ್ಲಿಸೋಕೆ ನನ್ನಿಂದ ಆಗಲ್ಲ” ಅಂದರು ದೊಡ್ಡಮ್ಮ. “ನಿಮಗೆ ಕಿವಿ ಮುಚ್ಕೊಳ್ಳೋಕೆ ಎರಡು ಕೈ ಇದೆಯಲ್ಲ.”

ಒಳಗಿನಿಂದ ದೊಡ್ಡಪ್ಪ ನಕ್ಕಿದ್ದು ಯಂತ್ರದ ಸದ್ದಿನ ನಡುವೆಯೂ ಕೇಳಿಸಿತು. ಮಹಡಿಯವರು ಹೋಗಲಿಲ್ಲ. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿ, ತಮ್ಮ ತಾಯಿಗೆ ಬೆರಳು ನಡುಗುತ್ತದೆ, ಅಂಥವರಿಗೂ ಹೊಲಿಯುತ್ತೀರಾ ಅಂತ ಕೇಳಿದರು. ದೊಡ್ಡಮ್ಮ ಅಳತೆ ಪುಸ್ತಕ ತೆಗೆದು, ಅವರಿಗೊಂದು ಸ್ಟೂಲು ಎಳೆದುಕೊಟ್ಟರು.