ಭರಮ್ಯಾನ ತಾಟಿಗೆ ಬಂದ ಕೈ

ದೆವ್ವಗಳನ್ನು ನಾನು ನಂಬಿದವನಲ್ಲ. ಅವನ್ನು ಬರೆದೇ ಹೊಟ್ಟೆ ಹೊರೆದವನಿಗೆ ಅವುಗಳ ಒಳಗುಟ್ಟು ಗೊತ್ತಿರುತ್ತದೆ. ಈಗಲೂ ನಂಬುವುದಿಲ್ಲ, ಯಾರು ಏನೇ ಅನ್ನಲಿ.

ಕೆಲವು ವರ್ಷಗಳ ಹಿಂದೆ ನಿಪ್ಪಾಣಿಯ ಪ್ರಕಾಶಕರೊಬ್ಬರಿಗೆ ಒಂದು ಪುಸ್ತಕ ಬರೆದುಕೊಟ್ಟೆ. ಮುಖಪುಟದ ಮೇಲೆ ನನ್ನ ಹೆಸರಿಲ್ಲ. ಜೈಲಿನಲ್ಲಿ ಸತ್ತ ದರೋಡೆಕೋರ ಭರಮ್ಯಾ ತಾನೇ ಹೇಳಿದ ಕಥೆ ಎಂದು ಅಚ್ಚಾಯಿತು. ಅವನ ಮುಖವನ್ನೂ ನಾನು ಕಂಡಿರಲಿಲ್ಲ. ಹೆಸರಷ್ಟೇ ಅವನದು. ಹಾಳು ವಾಡೆ, ಬಾವಿಯೊಳಗಿನ ಅಳು ಎಲ್ಲ ನನ್ನವು.

ಬರೆಯುವಾಗ ಒಂದು ಎಡವಟ್ಟಾಯಿತು. ನಮ್ಮದು ಜೈನ ಶ್ರಾವಕರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ನಾನು ಆ ನೇಮ ಬಿಟ್ಟು ಬಹಳ ದಿನವಾಗಿತ್ತು. ಆದರೂ ಹುಟ್ಟಿದ ಮನೆಯ ರೂಢಿ ಕೈಬಿಡಲಿಲ್ಲ, ಪುಸ್ತಕದ ಭರಮ್ಯಾನೂ ಬೆಳಕಿರುವಾಗಲೇ ಉಂಡುಬಿಟ್ಟ. ಪ್ರಕಾಶಕರು ನಕ್ಕರು: "ಕುರಿ ಕೊಯ್ದ ತಿನ್ನಾಂವ, ಇಂವ ಯಾವಾಗ ಶ್ರಾವಕ ಆಗ್ಯಾನ್ರಿ?" ಬರೆದದ್ದನ್ನು ಹೊಡೆದುಹಾಕುವ ಜಾಯಮಾನ ನನ್ನದಲ್ಲ. ತೇಪೆ ಹಾಕಿದೆ: ಕತ್ತಲಾದ ಮೇಲೆ ಉಣ್ಣಲು ಕೂತರೆ ಹಸಿರು ಬಳೆ ತೊಟ್ಟ ಕೈಯೊಂದು ಅವನ ತಾಟಿಗೆ ಬರುತ್ತದೆ, ಅದಕ್ಕೇ ಹಾಗೆ. ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಪುಸ್ತಕ ಚೆನ್ನಾಗಿಯೇ ಓಡಿತು.

ಒಂದು ಸಂಜೆ ದಿಗ್ಗೇವಾಡಿಯಿಂದ ವಯಸ್ಸಾದ ಹೆಂಗಸೊಬ್ಬಳು ಸದಲಗಾದ ನಮ್ಮ ಮನೆ ಹುಡುಕಿಕೊಂಡು ಬಂದಳು. ಭರಮ್ಯಾನ ಹೆಂಡತಿ. ಪ್ರಕಾಶಕರೇ ನನ್ನ ಹೆಸರು ಬಾಯಿಬಿಟ್ಟಿದ್ದರು. ಜಗಳಕ್ಕೆ ಬಂದಳೆಂದು ನಾನು ಸೆಟೆದು ನಿಂತೆ. ಅವಳು ಮೆಲ್ಲಗೆ ಕೇಳಿದಳು:

"ಹೊತ್ತ ಮುಣಗಿದ ಮ್ಯಾಲ ಅವ್ರು ತುತ್ತ ಮುಟ್ಟತಿರಲಿಲ್ರಿ. ತಾಟಿನ್ಯಾಗ ಹಸರ ಬಳಿ ಕೈ ಬರತೈತಿ ಅಂತಿದ್ರು. ನನಗೊಬ್ಬಾಕಿಗೇ ಹೇಳಿದ್ದು. ನಿಮಗ ಯಾರ ಹೇಳಿದ್ರು?"

"ಯಾರೂ ಹೇಳಿಲ್ಲವ್ವಾ. ನಾನ ಹುಟ್ಟಿಸಿ ಬರದೇನಿ."

"ಹುಟ್ಟಿಸಿದವ್ರು ನೀವ ಆದ್ರ ಹೇಳ್ರಿ, ಆ ಕೈ ಯಾರದು? ಅವ್ರು ಹೇಳದ ಸತ್ರು. ಯಾರ ಮನಿ ಮಗಳನ್ನ ಕೊಂದಿದ್ರು ಅನ್ನೂದು ತಿಳೀದ ನನಗ ನಿದ್ದಿಲ್ರಿ."

ಬಾಯಿಗೆ ಬಂದ ಹೆಸರು ಹೇಳಿ ಕಳಿಸಬಹುದಿತ್ತು. ಹೆಸರು ಹುಟ್ಟಿಸುವುದೇ ನನ್ನ ಕಸುಬು. ಅದರ ಬದಲು ಚಹಾ ತರಲು ಹೆಂಡತಿಗೆ ಕೂಗಿ ಹೇಳಿದೆ. ಬಂದವಳು ಅದನ್ನೂ ಮುಟ್ಟದೆ ಎದ್ದು ಹೋದಳು. ಆ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಕಾಕತಾಳೀಯ ಎನ್ನಿ, ಒಪ್ಪುತ್ತೇನೆ. ಭರಮ್ಯಾನೇ ಬಂದು ನನ್ನಿಂದ ಬರೆಸಿದ ಎಂದರೆ ಮಾತ್ರ ಸುಮ್ಮನಿರುವವನಲ್ಲ. ಪುಸ್ತಕ ನನ್ನದು, ಆ ಕೈಯೂ ನನ್ನ ಕಲ್ಪನೆಯದೇ. ಹಟಕ್ಕೆ ಬಿದ್ದು ದಿನಾ ದೀಪ ಹಚ್ಚಿದ ಮೇಲೆಯೇ ಉಣ್ಣುತ್ತೇನೆ. ಕೂತಾಗ ರೊಟ್ಟಿಯ ಒಂದು ತುಂಡನ್ನು ತಾಟಿನ ಅಂಚಿಗೆ ಸರಿಸಿಡುತ್ತೇನೆ. ಅದು ಯಾರಿಗೆ ಎಂದು ಹೆಂಡತಿ ಕೇಳುತ್ತಾಳೆ. ಅವಳಿಗೂ ಉತ್ತರ ಕೊಟ್ಟಿಲ್ಲ.